ತೋರಣಕುದ್ರಿನ ಒಣಬಂದರು

ನಂಬುವುದಿಲ್ಲ ಎನ್ನುವವರು ಈಗಲೇ ಹೇಳಿಬಿಡಿ. ನಾನು ಜಗಳಕ್ಕೆ ಬರುವವನಲ್ಲ. ತೋರಣಕುದ್ರಿಗೆ ಒಮ್ಮೆ ಬನ್ನಿ ಎನ್ನುತ್ತೇನೆ, ಅಷ್ಟೆ. ಮೂರು ಕಡೆ ಹೊಳೆ, ಒಂದು ಕಡೆ ಸಮುದ್ರ ಸುತ್ತಿಕೊಂಡ ನಮ್ಮ ನಡುಗಡ್ಡೆಯ ಪಟ್ಟಣಕ್ಕೆ ಈಗ ಸೇತುವೆಯಿದೆ, ಬಸ್ಸು ನೇರ ಪೇಟೆಯ ಹೊಟ್ಟೆಗೇ ಬರುತ್ತದೆ. ಕಂಡಕ್ಟರು ‘ಒಣಬಂದರು, ಒಣಬಂದರು’ ಎಂದು ಕೂಗಿ ಇಳಿಸುತ್ತಾನೆ. ಇಳಿದವರು ಸುತ್ತ ನೋಡಿದರೆ ಬಂದರಂತೂ ಇಲ್ಲ, ಕಾಲು ತೊಳೆಯುವಷ್ಟು ನೀರೂ ಕಾಣುವುದಿಲ್ಲ. ಟಯರಿಗೆ ಗಾಳಿ ಹಾಕುವ ಅಂಗಡಿ, ಬನ್ಸಿಗೆ ಹೆಸರಾದ ಹೋಟೆಲು, ಸೀರೆಯಂಗಡಿ, ಆಟೊಗಳ ಸಾಲು. ಬಸ್‌ಸ್ಟ್ಯಾಂಡಿನ ಬೆನ್ನಿಗೆ ಮಾತ್ರ ಒಂದು ಉದ್ದನೆಯ ದಿಬ್ಬ, ಯಾರೋ ದೊಡ್ಡ ದೋಣಿಯೊಂದನ್ನು ಮಗುಚಿ ಹಾಕಿ ಮರೆತುಹೋದ ಹಾಗೆ. ಅದರ ಮೇಲೆ ಹುಲ್ಲು ಸರಿಯಾಗಿ ಹುಟ್ಟುವುದಿಲ್ಲ. ಹುಟ್ಟಿರುವುದು ಬಂಗಡೆ ಬಳ್ಳಿ, ಸಮುದ್ರದ ಅಂಚಿನ ಮರಳಿನಲ್ಲಿ ನೇರಳೆ ಹೂ ಬಿಟ್ಟು ಹರಡಿಕೊಳ್ಳುತ್ತದಲ್ಲ, ಅದು. ಸಮುದ್ರ ಬಿಟ್ಟು ಪೇಟೆಯ ನಡುವೆ, ಡೀಸೆಲ್ ಹೊಗೆಯಲ್ಲಿ, ಅದು ಯಾಕೆ ಬದುಕಿದೆ ಎಂದು ಒಬ್ಬರೂ ಕೇಳುವುದಿಲ್ಲ. ನಾನು ನಿಮ್ಮ ಕೈ ಹಿಡಿದು ದಿಬ್ಬ ಹತ್ತಿಸುತ್ತೇನೆ. ಬಳ್ಳಿಯ ಬುಡದ ಮಣ್ಣು ಒಂದು ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿಕೊಳ್ಳಿ. ಉಪ್ಪಿರದಿದ್ದರೆ ನಾನು ಬಡಾಕೇರಿಯವನೇ ಅಲ್ಲ.

ಬಡಾಕೇರಿ ಎಂದರೆ ಇದೇ ಕುದ್ರಿನ, ಅಂದರೆ ನಡುಗಡ್ಡೆಯ, ಉತ್ತರದ ತುದಿಯ ಹಳ್ಳಿ. ಪೇಟೆಯವರು ನಮ್ಮನ್ನು ಇವತ್ತಿಗೂ ಹಳ್ಳಿಯವರು ಎನ್ನುತ್ತಾರೆ, ಮೀನಿನ ವಾಸನೆಯವರು ಎನ್ನುತ್ತಾರೆ. ಎನ್ನಲಿ. ಅವರ ಪೇಟೆಗೆ ಆ ಹೆಸರು ಯಾಕೆ ಬಂತು ಎಂಬುದು ಅವರ ಹತ್ತಿರ ಇಲ್ಲ, ನಮ್ಮ ಹತ್ತಿರ ಇದೆ. ನಾನು ಮೀನಿನ ಲಾರಿ ಓಡಿಸುತ್ತೇನೆ. ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ಇಳಿಸಿ ಬರುವುದು ನನ್ನ ಕೆಲಸ. ನನ್ನಷ್ಟು ಹೊತ್ತಿಗೆ ಸರಿಯಾಗಿ ಮುಟ್ಟಿಸುವವರು ಆ ದಾರಿಯಲ್ಲಿ ಇನ್ನೊಬ್ಬರಿಲ್ಲ, ಬೇಕಾದರೆ ಮಾರ್ಕೆಟ್ಟಿನಲ್ಲಿ ವಿಚಾರಿಸಿ. ಅಲ್ಲಿ ಬೆಳಿಗ್ಗೆ ಪೆಟ್ಟಿಗೆಗಳನ್ನು ಇಳಿಸಿದ ಮೇಲೆ ಕರಗಿದ ಮಂಜುಗಡ್ಡೆಯ ನೀರು ಲಾರಿಯ ಹಿಂಬಾಗಿಲಿನಿಂದ ಇಳಿದು ಆ ಕಪ್ಪು ನೆಲದ ಮೇಲೆ ಹರಿಯುತ್ತದೆ. ಮೀನಿನ ಉಪ್ಪು, ದೋಣಿಗಳು ಬಂದು ನಿಲ್ಲುವ ನಮ್ಮ ದಕ್ಕೆಯ ವಾಸನೆ, ಎಲ್ಲ ಅದರಲ್ಲಿರುತ್ತದೆ. ಗಾಳಿಗೆ ಅದು ಬೇಗ ಒಣಗಿಬಿಡುತ್ತದೆ. ಒಣಗುವವರೆಗೆ ನಾನು ಅಲ್ಲೇ ನಿಂತಿರುತ್ತೇನೆ, ಚಹಾ ತಣ್ಣಗಾದರೂ. ಹಾಗೆ ನಿಂತಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಅಮ್ಮಮ್ಮ ಹೇಳಿದ ಹೆರಿಯಾಚಾರಿಯ ಸಂಗತಿ. ಅದನ್ನೇ ಹೇಳುತ್ತಿದ್ದೇನೆ.

ಹಿಂದೆ ಒಮ್ಮೆ, ಸೇತುವೆಯ ಕನಸೂ ಯಾರಿಗೂ ಬೀಳದಿದ್ದ ಕಾಲದಲ್ಲಿ, ಈಗ ಬಸ್ಸು ನಿಲ್ಲುವ ಜಾಗದಲ್ಲಿ ನೀರು ಇತ್ತು ಎನ್ನುತ್ತಾರೆ. ದೊಡ್ಡ ಹೊಳೆಯ ಒಂದು ಕೈ ಕುದ್ರಿನ ನಡುವಿನವರೆಗೂ ಒಳಗೆ ಬಂದಿತ್ತು. ಅದಕ್ಕೆ ಒಳಹೊಳೆ ಎಂದು ಹೆಸರು. ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿ, ಅಲ್ಲಿಂದ ಪಡುವಣಕ್ಕೆ ಕಾಣುತ್ತಿತ್ತು. ಗಾಳಿಮಳೆ ತಟ್ಟದ ಅಂಥ ಬಂದರು ಈ ಕರಾವಳಿಯಲ್ಲಿ ಇರಲಿಲ್ಲವಂತೆ. ಅಕ್ಕಿ, ಕಾಳುಮೆಣಸು, ತೆಂಗಿನ ಹುರಿ ಹೊತ್ತ ಹಾಯಿಹಡಗುಗಳು, ನಮ್ಮ ಕಡೆ ಅವುಗಳನ್ನು ಮಂಜಿ ಎನ್ನುತ್ತಾರೆ, ಇಲ್ಲಿಂದ ಹೊರಟು ಖರ್ಜೂರ, ಉಪ್ಪು, ಹತ್ತಿ ತುಂಬಿಕೊಂಡು ತಿರುಗಿ ಬರುತ್ತಿದ್ದವು. ಆ ಮಂಜಿಗಳನ್ನು ಕಟ್ಟುತ್ತಿದ್ದದ್ದು ಒಳಹೊಳೆಯ ದಂಡೆಯಲ್ಲೇ, ಆಚಾರಿಕೇರಿಯವರು. ಅವರಲ್ಲಿ ಹೆರಿಯಾಚಾರಿಯನ್ನು ಮೀರಿಸಿದವನಿಲ್ಲ. ಮರವನ್ನು ಬೆರಳ ಗಂಟಿನಿಂದ ತಟ್ಟಿ, ಇದು ನೀರಿಗೆ ಒಗ್ಗುವುದೋ ಬಾಗಿಲಿಗೇ ಸರಿಯೋ ಎಂದು ಹೇಳಿಬಿಡುತ್ತಿದ್ದನಂತೆ. ಬಾಯಿಯೂ ಅಷ್ಟೇ ಜೋರು. ತಾನು ಕಟ್ಟಿದ ಮಂಜಿ ಕಂಡರೆ ಬಿರುಗಾಳಿಯೇ ದಾರಿ ಬಿಟ್ಟು ನಿಲ್ಲುತ್ತದೆ ಎಂದು ದಕ್ಕೆಯಲ್ಲಿ ಕುಳಿತು ಹೇಳುತ್ತಿದ್ದ. ಕೇಳುವವರು ನಗುತ್ತಿದ್ದರು, ಆದರೆ ಮಂಜಿ ಕಟ್ಟಿಸುವುದು ಅವನ ಹತ್ತಿರವೇ.

ಹಡಗು ಕಟ್ಟುವವರಿಗೆ ಆಗ ಒಂದು ಪದ್ಧತಿಯಿತ್ತು. ಮಂಜಿಯ ಕೆಲಸವೆಲ್ಲ ಮುಗಿದರೂ ಮೂತಿಯ ಹತ್ತಿರ ಒಂದು ಮರದ ಮೊಳೆಯನ್ನು ಅರ್ಧ ಹೊಡೆದು ಬಿಡುವುದು. ಹೊಸ ಮಂಜಿ ಮೊದಲ ಸಲ ಹೊರಟಾಗ ಆಚಾರಿಯೂ ಅದರಲ್ಲಿ ಹೋಗುತ್ತಾನೆ, ಅಳಿವೆಯವರೆಗೆ ಮಾತ್ರ. ಅಲ್ಲಿ ಸಮುದ್ರದ ಮೊದಲ ನೀರು ಹಲಗೆಗೆ ಬಡಿದ ಕೂಡಲೇ ಕೊಡತಿ ಎತ್ತಿ ಆ ಮೊಳೆಯನ್ನು ಕೊನೆಯವರೆಗೆ ಹೊಡೆದು, ಜೊತೆಗೆ ಬಂದ ಸಣ್ಣ ದೋಣಿಗೆ ಇಳಿದುಬಿಡಬೇಕು. ಮೊಳೆ ಕೂತಿತೆಂದರೆ ಮಂಜಿ ತಾಂಡೇಲನದು, ಅಂದರೆ ಅದನ್ನು ನಡೆಸುವವನದು, ಕಟ್ಟಿದವನದಲ್ಲ. ಕಟ್ಟಿದವನು ಮೇಲೆಯೇ ಉಳಿದರೆ ಮಂಜಿ ಅವನ ಮಾತು ಕೇಳುತ್ತದೆಯೇ ಹೊರತು ತಾಂಡೇಲನ ಮಾತು ಕೇಳುವುದಿಲ್ಲ ಎಂಬುದು ನಂಬಿಕೆ. ನನ್ನನ್ನು ಕೇಳಿದರೆ, ಹಲಗೆ ಕಿರ್ ಎಂದಾಗಲೆಲ್ಲ ಆಚಾರಿ ಎದ್ದು ಉಳಿ ಹಿಡಿದರೆ ಯಾವ ತಾಂಡೇಲ ತಾಳಿಕೊಂಡಾನು? ಹೀಗಾಗಿ ಹೆರಿಯಾಚಾರಿ ಎಷ್ಟೋ ಮಂಜಿಗಳನ್ನು ಸಮುದ್ರಕ್ಕೆ ಕಳಿಸಿದ್ದ, ತಾನು ಮಾತ್ರ ಒಂದು ಸಲವೂ ಅಳಿವೆ ದಾಟಿರಲಿಲ್ಲ. ಪ್ರತಿ ಸಲವೂ ಆ ಸಣ್ಣ ದೋಣಿಯಲ್ಲಿ ಊರಿನ ಕಡೆಗೆ ಬೆನ್ನು ಮಾಡಿ ಕುಳಿತು, ತಾನು ಕಟ್ಟಿದ ಹಾಯಿ ಸಣ್ಣದಾಗುತ್ತ ಹೋಗುವುದನ್ನು ಕಣ್ಣು ಕೀಳದೆ ನೋಡುತ್ತಿದ್ದನಂತೆ. ದೋಣಿಯವನು ಮಾತಾಡಿಸಿದರೂ ಮಾತಿಲ್ಲ. ಅಷ್ಟು ಮಾತಿನವನು ಬಾಯಿ ಮುಚ್ಚುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ ಎನ್ನುತ್ತಾರೆ.

ಒಂದು ದಿನ ದಕ್ಕೆಯಲ್ಲಿ ಹತ್ತು ಜನ ಕುಳಿತಿದ್ದರು. ಹೆರಿಯಾಚಾರಿ ಸಮುದ್ರದ ಗುಣಸ್ವಭಾವದ ಬಗ್ಗೆ ದೊಡ್ಡದಾಗಿ ಹೇಳುತ್ತಿದ್ದ. ಅಲ್ಲಿ ಪಂಜು ಎಂಬ ತಾಂಡೇಲನಿದ್ದ, ನಮ್ಮ ಬಡಾಕೇರಿಯವನು, ಆಗಿನ್ನೂ ಮೀಸೆ ಚಿಗುರುವ ವಯಸ್ಸು, ನಾಲಿಗೆ ಮಾತ್ರ ಬಲಿತಿತ್ತು. ಅವನು ಬೀಡಿಯ ಬೂದಿ ಕೊಡವಿ ಕೇಳಿದನಂತೆ:

“ಆಚಾರ್ರೇ, ಉಳಿದದ್ದೆಲ್ಲ ಇರ್ಲಿ. ಅಳಿವೆ ಆಚೆ ನೀರು ಎಂಥ ಬಣ್ಣ, ಅದೊಂದು ಹೇಳಿ ಕಾಂಬ.”

ದಕ್ಕೆಯೆಲ್ಲ ನಕ್ಕಿತು. ಹೆರಿಯಾಚಾರಿ ಎದ್ದು ನಿಂತ. ಹೆಗಲ ಬಟ್ಟೆ ಕೊಡವಿದ. ಅಳಿವೆ ದಾಟುವುದಾದರೆ ತಾನೇ ಕಟ್ಟಿದ ತನ್ನದೇ ಮಂಜಿಯಲ್ಲಿ ದಾಟುತ್ತೇನೆ, ಅದು ಈ ಕರಾವಳಿಯ ಎಲ್ಲ ಮಂಜಿಗಿಂತ ದೊಡ್ಡದಿರುತ್ತದೆ, ಅಲ್ಲಿಯವರೆಗೆ ದೋಣಿಯಾಗಲಿ ಮರಿಗೆಯಾಗಲಿ, ತೇಲುವ ಯಾವುದರ ಮೇಲೂ ಈ ಕಾಲು ಇಡುವುದಿಲ್ಲ ಎಂದು ಎಲ್ಲರೂ ಕೇಳುವಂತೆ ಹೇಳಿಬಿಟ್ಟ. ನಡುಗಡ್ಡೆಯಲ್ಲಿ ಹುಟ್ಟಿದವನು ಆಡಬಾರದ ಮಾತು ಅದು. ಹೊಳೆ ದಾಟದೆ ಕುದ್ರಿನಿಂದ ಎಲ್ಲಿಗೂ ಹೋಗುವ ಹಾಗಿಲ್ಲ. ಮದುವೆಗೂ ಇಲ್ಲ, ಮಣ್ಣಿಗೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹೊಸ ಮಂಜಿ ಹತ್ತಿ ಅಳಿವೆಯವರೆಗೆ ಹೋಗುವ ಅವನ ಹಕ್ಕೂ ಆ ಮಾತಿನೊಂದಿಗೇ ಹೋಯಿತು. ಮುಂದೆ ಅವನು ಕಟ್ಟಿದ ಮಂಜಿಗಳ ಕೊನೆಯ ಮೊಳೆಯನ್ನು ಅವನ ಶಿಷ್ಯರು ಹೊಡೆದು ಬಂದರು. ಇದ್ದ ಅಷ್ಟಿಷ್ಟು ಸಮುದ್ರವನ್ನೂ ಅವನು ಒಂದು ಮಾತಿಗೆ ಕೊಟ್ಟುಬಿಟ್ಟಿದ್ದ. ಸುದ್ದಿ ಮನೆಗೆ ಅವನಿಗಿಂತ ಮೊದಲೇ ಮುಟ್ಟಿತ್ತು. ಹೆಂಡತಿ ಅಕ್ಕಣಿ ಗಂಜಿ ಬಡಿಸುತ್ತ, “ನಾಲಿಗೆಯಲ್ಲೇ ಹಡಗು ಕಟ್ಟಿ ಆಯ್ತ್. ಇನ್ನ್ ಮರದ್ದ್ ಯಾವಾಗ?” ಎಂದಳಂತೆ. ಅವಳ ತವರು ಹೊಳೆಯಾಚೆ. ಅವಳ ಅಪ್ಪ ತೀರಿಕೊಂಡ ದಿನ ಅವಳು ಒಬ್ಬಳೇ ದೋಣಿ ಹತ್ತಿ ಹೋದಳು; ಅವನು ಈಚೆ ದಂಡೆಯಲ್ಲಿ, ಆಚೆ ಹೊಗೆ ಏಳುವುದನ್ನು ನೋಡುತ್ತ ನಿಂತಿದ್ದ.

ಮಂಜಿ ಕಟ್ಟುವುದಕ್ಕೆ ಅವನಿಗೆ ಮರವಿತ್ತು. ಕಟ್ಟಿದ ಪ್ರತಿ ಮಂಜಿಯ ಮರದಲ್ಲಿ ಒಂದು ಒಳ್ಳೆಯ ಹಲಗೆ ಆಚಾರಿಯ ಪಾಲು; ಬೇರೆಯವರು ಅದನ್ನು ಮಂಚ, ಬಾಗಿಲು ಮಾಡಿಕೊಳ್ಳುತ್ತಿದ್ದರು. ಹೆರಿಯಾಚಾರಿ ಒಂದನ್ನೂ ಮುಟ್ಟದೆ ಸೂರಿನಡಿ ಒಟ್ಟಿದ್ದ. ಆ ಹಲಗೆಗಳಿಂದಲೇ ಶುರುವಾಯಿತು. ಇದು ಮಸ್ಕತ್ತಿಗೆ ಹೋದದ್ದರ ತಮ್ಮ, ಇದು ಕೊಚ್ಚಿಯಲ್ಲಿ ಮುಳುಗಿದ್ದರ ಅಣ್ಣ ಎಂದು ಒಂದೊಂದನ್ನೂ ಗುರುತು ಹಿಡಿದು ಕೂರಿಸುತ್ತಿದ್ದನಂತೆ. ಇನ್ನೊಬ್ಬರ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಾತ್ರ ತನ್ನ ಕೆಲಸ. ಹಾಗಾಗಿ ವರ್ಷಗಳೇ ಹಿಡಿದವು. ದಂಡೆಯ ಮೇಲೆ ಹಾಗೆ ವರ್ಷಗಟ್ಟಲೆ ನಿಂತ ಹಡಗಿನ ಕಷ್ಟ ಏನೆಂದರೆ, ಬೇಸಗೆಯಲ್ಲಿ ಹಲಗೆ ಒಣಗಿ ಸಂದು ಬಿಡುತ್ತದೆ, ಒಳಗೆ ನಿಂತರೆ ಬೆಳಕು ಕಾಣುತ್ತದೆ. ಅದಕ್ಕೆ ನೀರು ಹೊಯ್ಯುತ್ತಲೇ ಇರಬೇಕು. ಬಾವಿಯ ಸಿಹಿನೀರು ಹೊಯ್ದರೆ ಮರ ಕೊಳೆಯುತ್ತದೆ, ಉಪ್ಪುನೀರೇ ಆಗಬೇಕು. ಅಕ್ಕಣಿಯೂ ಕೇರಿಯ ಹೆಂಗಸರೂ ಸಂಜೆ ಒಳಹೊಳೆಗೆ ಉಬ್ಬರದ ನೀರು ಏರಿದ ಹೊತ್ತಿಗೆ ಸಾಲಾಗಿ ಬಂದು ಕೊಡ ತುಂಬಿ ಮಂಜಿಯ ಮೈಗೆ ಹೊಯ್ಯುತ್ತಿದ್ದರು. ನೀರು ಕುಡಿದ ಹಲಗೆಗಳು ಉಬ್ಬಿ ಒಂದನ್ನೊಂದು ಒತ್ತಿಕೊಳ್ಳುವಾಗ ಟಿಕ್ ಟಿಕ್ ಎಂದು ಸದ್ದಾಗುತ್ತದೆ. ಹೆರಿಯಾಚಾರಿ ಆ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತಿದ್ದ. ಮಂಜಿ ಸಮುದ್ರದ ಮಾತು ಕಲಿಯುತ್ತಿದೆ ಎನ್ನುತ್ತಿದ್ದ.

ಕಡೆಗೊಂದು ನೂಲು ಹುಣ್ಣಿಮೆಗೆ ಮಂಜಿ ಸಿದ್ಧವಾಯಿತು. ನಮ್ಮಲ್ಲಿ ಮಳೆಗಾಲದ ಬಿಡುವು ಮುಗಿದು, ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು, ದೋಣಿಗಳು ಮತ್ತೆ ಹೊರಡುವುದು ಶ್ರಾವಣದ ಆ ಹುಣ್ಣಿಮೆಗೆ. ಉಬ್ಬರವೂ ಆ ದಿನ ದೊಡ್ಡದು. ಹಗ್ಗ ಹಿಡಿಯಲು ಎರಡೂ ಕೇರಿಯ ಗಂಡಸರು ಬಂದಿದ್ದರು. ಮೀನೆಣ್ಣೆ ಸವರಿದ ತೆಂಗಿನ ದಿಂಡುಗಳು ಮಂಜಿಯ ಅಡಿಯಿಂದ ನೀರಿನವರೆಗೆ ಹಾಸಿದ್ದವು. ಹಳೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದ ಪಂಜು ತಾನೇ ಮುಂದೆ ನಿಂತು ಹಗ್ಗ ಹಿಡಿದಿದ್ದ. ನೀರು ಏರಿ ಏರಿ ಮಂಜಿಯ ಅಡಿಮರವನ್ನು ನೆಕ್ಕಿತು. ಈಗ ಎಳೆದರೆ ಆಯಿತು. ಆಗಲೇ ಯಾರೋ ಒಬ್ಬ ಸುದ್ದಿ ತಂದ: ಆಚೆ ಬಂದರಿನಲ್ಲಿ ಬೇರೊಬ್ಬ ಆಚಾರಿ ಕಟ್ಟುತ್ತಿರುವ ಮಂಜಿ ಇದಕ್ಕಿಂತ ಒಂದು ಗೇಣು ಎತ್ತರವಂತೆ. ಹೆರಿಯಾಚಾರಿ ಕೈ ಎತ್ತಿ ಹಗ್ಗದವರನ್ನು ನಿಲ್ಲಿಸಿದ. ಎಲ್ಲಕ್ಕಿಂತ ದೊಡ್ಡದು ಎಂದು ತಾನು ಹೇಳಿದ್ದು ಊರೆಲ್ಲ ಕೇಳಿದೆ. ಇನ್ನೊಂದು ಸಾಲು ಹಲಗೆ ಏರಿಸಿಯೇ ಇಳಿಸುವುದು ಎಂದ. ಪಂಜು ಕೈ ಮುಗಿದ. ಇವತ್ತು ಹಗುರ ಇದೆ, ತೇಲುತ್ತದೆ, ಹಲಗೆಯನ್ನು ನೀರಿನ ಮೇಲೆಯೇ ಏರಿಸಬಹುದು ಎಂದು ಬೇಡಿಕೊಂಡ. ಕೊಡ ಹಿಡಿದು ನಿಂತಿದ್ದ ಅಕ್ಕಣಿಯೂ, ಎಂದೂ ಹತ್ತು ಜನರೆದುರು ಗಂಡನಿಗೆ ಎದುರಾಡದವಳು, ಇಳಿಸಿಬಿಡಿ ಎಂದಳು. ಅವನು ನಕ್ಕು ಅವಳಿಗೆ ಹೇಳಿದ ಮಾತು ನಮ್ಮ ಊರಿನಲ್ಲಿ ಇನ್ನೂ ಇದೆ: “ಸಮುದ್ರ ಎಲ್ಲಿಗೆ ಓಡಿ ಹೋಪುದು ಹೆಣೆ? ಬಪ್ಪ ವರ್ಷವೂ ಇಲ್ಲೇ ಇರ್ತ್.”

ಜನ ಹಗ್ಗ ಕೆಳಗೆ ಹಾಕಿ ಮನೆಗೆ ಹೋದರು. ನೀರು ಇಳಿಯಿತು. ಆ ವರ್ಷ ಅವನು ಒಂದು ಸಾಲು ಹಲಗೆ ಏರಿಸಿದ. ಭಾರ ಹೆಚ್ಚಾಯಿತಲ್ಲ, ಮಂಜಿ ವಾಲದಿರಲೆಂದು ಹೊಳೆಯ ಬದಿಗೆ ತೆಂಗಿನ ಕಂಬ ಹುಗಿದು ಮುರಕಲ್ಲಿನ ಕಟ್ಟೆ ಕಟ್ಟಿಸಿದ. ಮಳೆಗಾಲದ ಕೆಂಪು ನೀರು ಆ ಕಟ್ಟೆಗೆ ಬಡಿದು, ತಂದ ಹೂಳನ್ನೆಲ್ಲ ಅಲ್ಲೇ ಇಳಿಸಿ ಹೋಯಿತು. ಮುಂದಿನ ನೂಲು ಹುಣ್ಣಿಮೆಗೆ ಉಬ್ಬರ ಬಂತು, ಮಂಜಿಯಿಂದ ಒಂದು ಮಾರು ಈಚೆ ನಿಂತಿತು, ಹಿಂದೆ ಹೋಯಿತು. ಕಟ್ಟೆ ಒಡೆಸಿದ, ಕಾಲುವೆ ತೋಡಿಸಿದ. ತೋಡಿದ್ದು ಮರುಮಳೆಗೆ ತುಂಬಿತು. ಆಮೇಲೊಂದು ವರ್ಷ ದೊಡ್ಡ ನೆರೆ ಬಂದು ಹೊಳೆ ತನ್ನ ನೀರನ್ನೆಲ್ಲ ಬಡಗಣ ಕೈಗೆ ತಿರುಗಿಸಿಕೊಂಡಿತು, ಒಳಹೊಳೆಯ ಬಾಯಿಗೆ ಮರಳು ಬಿತ್ತು. ಹೂಳು ಬಂದದ್ದು ಆಚಾರಿಯ ಕಟ್ಟೆಯಿಂದ ಎಂದು ಕೆಲವರು ಎನ್ನುತ್ತಾರೆ; ಹೊಳೆಗೆ ಮನುಷ್ಯನ ಕಟ್ಟೆ ಯಾವ ಲೆಕ್ಕ, ಅದು ಹೋಗಬೇಕೆಂದಿತ್ತು, ಹೋಯಿತು ಎಂದು ಕೆಲವರು. ನಾನು ಎರಡನೆಯವರ ಕಡೆ. ಏನೇ ಇರಲಿ, ವರ್ತಕರು ದಕ್ಕೆಯನ್ನು ನಮ್ಮ ಬಡಾಕೇರಿಯ ಹತ್ತಿರಕ್ಕೆ ಕಟ್ಟಿಕೊಂಡರು, ಮಂಜಿಗಳು ಅತ್ತ ಹೋದವು, ಒಣಗಿದ ಹೊಳೆಯ ದಂಡೆಯ ಮೇಲೆ ಒಂದು ದೊಡ್ಡ ಹಡಗು ಒಂಟಿಯಾಗಿ ಉಳಿಯಿತು. ನೋಡಿದವರು ನಕ್ಕು ಆ ಜಾಗಕ್ಕೆ ಒಣಬಂದರು ಎಂದರು. ಬಂದರು ಕಳೆದುಕೊಂಡ ಸಿಟ್ಟಿಗೆ ಬೈದು ಇಟ್ಟ ಹೆಸರು ಅದು. ಹೆರಿಯಾಚಾರಿಗೆ ಕೇಳುವಂತೆಯೇ ಕರೆಯುತ್ತಿದ್ದರು.

ಆಮೇಲೆ ಅವನ ಹತ್ತಿರ ಮಂಜಿ ಕಟ್ಟಿಸಲು ಯಾರೂ ಬರಲಿಲ್ಲ. ಅವನು ಬಾಗಿಲು, ತೊಟ್ಟಿಲು ಮಾಡಿ ಬದುಕಿದ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಕೊಡ ಬಿಟ್ಟರು. ತೇಲದ ಹಡಗಿಗೆ ಯಾರು ನೀರು ಹೊರುತ್ತಾರೆ? ಅಕ್ಕಣಿ ಬಿಡಲಿಲ್ಲ. ಹೊಳೆ ದೂರ ಹೋದಷ್ಟೂ ಅವಳ ದಾರಿ ಉದ್ದವಾಯಿತು. ಬಡಗಣ ಹೊಳೆಯವರೆಗೆ ನಡೆದು ತುಂಬಿಕೊಂಡು, ಪೇಟೆಯ ನಡುವೆ ಎಲ್ಲರೆದುರು ತಲೆ ಎತ್ತಿಕೊಂಡೇ ಬರುತ್ತಿದ್ದಳಂತೆ. ಯಾಕೆ ಹೊರುತ್ತೀ ಎಂದು ಕೇಳಿದವರಿಗೆ, ಸಂದು ಬಿಟ್ಟರೆ ಅವರು ಒಳಗೆ ಕೂತು ಬೆಳಕು ನೋಡುತ್ತಾರೆ, ಅದು ನನ್ನಿಂದ ಆಗುವುದಿಲ್ಲ ಎಂದಳಂತೆ. ವಯಸ್ಸಾದ ಮೇಲೆ ಒಂದು ಸಲ ಪಂಜು ಬಂದ. ಅವನಿಗೂ ಆಗ ತಲೆ ನರೆತಿತ್ತು, ಮಂಜಿ ನಡೆಸುವುದು ಬಿಟ್ಟು ಮೀನಿನ ದೋಣಿ ಇಟ್ಟುಕೊಂಡಿದ್ದ. ತನ್ನ ಒಂದು ಮಾತಿನಿಂದ ಇಷ್ಟೆಲ್ಲ ಆಯಿತೆಂಬ ಕೊರಗು ಅವನಿಗೆ. “ಆಚಾರ್ರೇ, ನನ್ನ ದೋಣಿ ಹತ್ತಿ. ಗಂಜಿ ತಣಿಯುವುದರೊಳಗೆ ಸಮುದ್ರ ತೋರ್ಸಿ ತಂದು ಬಿಡ್ತೆ. ಯಾರಿಗೂ ಹೇಳುದಿಲ್ಲೆ” ಎಂದ. ಹೆರಿಯಾಚಾರಿಗೆ ಹೋಗುವ ಆಸೆ ಇರಲಿಲ್ಲ ಎಂದುಕೊಳ್ಳಬೇಡಿ. ಕಾಲು ಮುಂದಿಟ್ಟನೆಂದೂ, ಮತ್ತೆ ಹಿಂದೆಗೆದನೆಂದೂ ಹೇಳುತ್ತಾರೆ. ತಾನು ಅಂದ ಮಾತನ್ನು ಮಂಜಿ ಕೇಳಿಸಿಕೊಂಡಿದೆ, ಅದನ್ನು ಇಲ್ಲಿ ಬಿಟ್ಟು ತಾನೊಬ್ಬ ಹೇಗೆ ಹೋಗಲಿ ಎಂದು ಹೇಳಿ ಪಂಜುವಿಗೆ ಎಲೆಯಡಿಕೆ ಕೊಟ್ಟು ಕಳಿಸಿದ. ಇದನ್ನು ಮೂರ್ಖತನ ಎನ್ನುವವರು ಎನ್ನಿ. ನಮ್ಮ ಕುದ್ರಿನಲ್ಲಿ ಇದಕ್ಕೆ ಆ ಹೆಸರಿಲ್ಲ.

ಅವನು ಹಾಸಿಗೆ ಹಿಡಿದದ್ದು ಒಂದು ಮಳೆಗಾಲದಲ್ಲಿ. ಮನೆಯೊಳಗೆ ಮಲಗಲು ಒಪ್ಪದೆ ಮಂಜಿಯಲ್ಲೇ, ತೆಂಗಿನ ಮಡಲಿನ ಮಾಡಿನಡಿ ಹಾಸಿಕೊಡಿ ಎಂದ. ನೂಲು ಹುಣ್ಣಿಮೆಯ ಹಿಂದಿನ ದಿನ ಅಕ್ಕಣಿ ಗಂಜಿ ಕುಡಿಸುವಾಗ ಅವನು, ಏನೂ ದೊಡ್ಡದಲ್ಲ ಎಂಬಂತೆ, ಆಚೆ ನೀರು ಎಂಥ ಬಣ್ಣ ಎಂದು ಪಂಜು ಕೇಳಿದ್ದನಲ್ಲ, ಅವನಿಗೆ ನಾನು ಇನ್ನೂ ಉತ್ತರ ಹೇಳಲಿಲ್ಲ ಎಂದ. ಮರುದಿನ ಬೆಳಿಗ್ಗೆ ಅಕ್ಕಣಿ ಕೊಡ ತೊಳೆದು ಸೊಂಟಕ್ಕಿಟ್ಟು ಬಡಾಕೇರಿಗೆ ಬಂದಳು. ಸಮುದ್ರಕ್ಕೆ ಕಾಯಿ ಕೊಡಲು ದೋಣಿಗಳು ಹೊರಟಿದ್ದವು. ಮಳೆಗಾಲದಲ್ಲಿ ಹೊಳೆಯ ನೀರು ಸಿಹಿ, ಕೆಂಪು. ಉಪ್ಪುನೀರು ಬೇಕೆಂದರೆ ಅಳಿವೆ ದಾಟಲೇಬೇಕು. ದೋಣಿಯಲ್ಲಿ ಹೆಂಗಸು ಅಳಿವೆ ದಾಟುವುದು ಆಗ ಕೇಳಿದ್ದೇ ಇಲ್ಲ. ಪಂಜುವಿನ ದೋಣಿಯವರು ಹುಟ್ಟು ಕೆಳಗಿಟ್ಟರು. ಪಂಜು ತಲೆ ತುರಿಸಿಕೊಂಡ, ನಾನೇ ತುಂಬಿ ತರುತ್ತೇನೆ, ಕೊಡ ಕೊಡಿ ಎಂದ. ಅಕ್ಕಣಿ ಕೊಡಲಿಲ್ಲ.

“ಪಂಜು, ನನ್ನ ಹೆಂಗ್ಸ್ ಅಂದ್ಕಂಡ್ ಹತ್ತಿಸ್ಬೇಡ ಮಾರಾಯ. ಕೊಡ ಅಂದ್ಕಂಡ್ ಹತ್ತಿಸ್ಕೊ.”

ಹುಟ್ಟಿನವರಲ್ಲಿ ಒಬ್ಬ ಜಾಗ ಬಿಟ್ಟು ಸರಿದು ಕೂತ. ಅವಳು ಹತ್ತಿದಳು. ಅಳಿವೆಯ ಅಲೆಗಳಲ್ಲಿ ದೋಣಿ ಎದ್ದು ಬಿದ್ದು ಹೋಗುವಾಗ ಕೊಡವನ್ನು ಎದೆಗೆ ಅವಚಿ ಕಣ್ಣು ಬಿಟ್ಟೇ ಕೂತಿದ್ದಳಂತೆ, ನೋಡಿ ಹೇಳಬೇಕಾಗಿತ್ತಲ್ಲ. ಹೊಳೆಯ ಕೆಂಪು ಮುಗಿದು ಸಮುದ್ರದ ನೀರು ಶುರುವಾಗುವ ಗೆರೆ ದಾಟಿದ ಮೇಲೆ ಪಂಜು ದೋಣಿ ನಿಲ್ಲಿಸಿದ. ಅವಳು ಬಗ್ಗಿ ತುಂಬಿಕೊಂಡಳು. ಬರುವಾಗ ತುಳುಕದಂತೆ ತೊಡೆಯ ಮೇಲಿಟ್ಟುಕೊಂಡಳು, ದಡದಿಂದ ಒಣಬಂದರಿನವರೆಗೆ ಎಲ್ಲಿಯೂ ನೆಲಕ್ಕೆ ಇಡಲಿಲ್ಲ. ಪಂಜು ಹಿಂದಿನಿಂದ ಬಂದ. ಪೇಟೆಯ ಜನ ಅಂಗಡಿ ಬಿಟ್ಟು ಹಿಂದೆ ಹಿಂದೆ ಬಂದರು.

ಹೆರಿಯಾಚಾರಿ ಮಂಜಿಯ ಮೂತಿಗೆ ಒರಗಿ ಕುಳಿತಿದ್ದ. ಹೆಂಡತಿಯ ಸೀರೆಯ ಅಂಚು ಒದ್ದೆಯಾಗಿ ಬೆಳ್ಳಗೆ ಉಪ್ಪು ಕಟ್ಟಿದ್ದನ್ನು ಕಂಡ. ಕೇಳಬೇಕಾದ್ದು ಎಷ್ಟೋ ಇತ್ತು. ಅವನು ಕೇಳಿದ್ದು ಒಂದೇ.

“ಎಂಥ ಬಣ್ಣ?”

ಅಕ್ಕಣಿ ಕೊಡವನ್ನು ಬಗ್ಗಿಸಿ ತೋರಿಸಿದಳು. “ಕೊಡದೊಳ್ಗೆ ಬಣ್ಣ ಇಲ್ಲೆ ಕಾಣಿ. ಅಲ್ಲಿ ಇತ್ತ್. ತರೂಕೆ ಆಯ್ಲಿಲ್ಲೆ.”

ಅವನು ಕೊಡದೊಳಗೆ ನೋಡುತ್ತಲೇ ಇದ್ದ. ನೀರನ್ನು ನಿಮ್ಮ ಕಾಲಿಗೆ ಹೊಯ್ಯಲೇ ಎಂದು ಅವಳು ಕೇಳಿದಳು. ಬೇಡ, ಮಂಜಿಗೆ ಹೊಯ್ಯಿ, ಅದು ನನಗಿಂತ ಹೆಚ್ಚು ಕಾದಿದೆ ಎಂದ. ಅವಳು ಮೂತಿಯ ಹಲಗೆಗಳ ಮೇಲೆ ನಿಧಾನವಾಗಿ ಹೊಯ್ದಳು. ನೀರು ಸಂದುಗಳಲ್ಲಿ ಇಳಿಯಿತು. ಮೊದಲು ಒಂದು ಹಲಗೆ ಟಿಕ್ ಎಂದಿತು, ಆಮೇಲೆ ಇನ್ನೊಂದು, ಆಮೇಲೆ ಮೂತಿಯುದ್ದಕ್ಕೂ. ಹೆರಿಯಾಚಾರಿ ಕೊಡತಿ ಕೇಳಿದ. ಅರ್ಧ ಹೊಡೆದು ಬಿಟ್ಟ ಕೊನೆಯ ಮೊಳೆ ಅಷ್ಟು ವರ್ಷವೂ ಅಲ್ಲೇ ಕಾದಿತ್ತು. ಎತ್ತಲು ಕೈಯಲ್ಲಿ ಬಲವಿರಲಿಲ್ಲ; ಅಕ್ಕಣಿ ಅವನ ಮೊಣಕೈ ಹಿಡಿದಳು. ಹೊಡೆದ. ಮೊಳೆ ಕೂತಿತು. ಆಮೇಲೆ ಅವನು ಪಂಜುವಿನ ಕಡೆ ತಿರುಗಿ ಹೇಳಿದ:

“ಅಳಿವೆ ಬಂತಲ್ಲ ತಾಂಡೇಲರೇ. ಇನ್ನ್ ನಾನು ಇಳಿಯುದು ಪದ್ಧತಿ.”

ಅದುವರೆಗೆ ಅವನು ಪಂಜುವನ್ನು ತಾಂಡೇಲರೇ ಎಂದು ಕರೆದಿರಲಿಲ್ಲ. ಪಂಜು ಬಗ್ಗಿ ಬೆನ್ನು ಕೊಟ್ಟ. ಆಚಾರಿಯನ್ನು ಹೊತ್ತು ಏಣಿಯಿಂದ ಇಳಿಸಿ ಮನೆಯ ಕಡೆ ನಡೆದ. ಹೋಗುವಷ್ಟು ದೂರವೂ ಹೆರಿಯಾಚಾರಿ ಹಿಂದೆ ತಿರುಗಿ ಮಂಜಿಯನ್ನೇ ನೋಡುತ್ತಿದ್ದ, ಅಳಿವೆಯಿಂದ ಸಣ್ಣ ದೋಣಿಯಲ್ಲಿ ಮರಳುವಾಗ ಹಾಯಿಗಳನ್ನು ನೋಡುತ್ತಿದ್ದ ಹಾಗೆಯೇ. ಮನೆಯ ತಿರುವಿನಲ್ಲಿ ಮಂಜಿ ಮರೆಯಾದಾಗ, ಹೋಯಿತು ಎಂದನಂತೆ. ಆ ಮಳೆಗಾಲ ಮುಗಿಯುವ ಮುಂಚೆ ಅವನೂ ಹೋದ.

ಅಕ್ಕಣಿ ಬದುಕಿರುವವರೆಗೆ ಪ್ರತಿ ನೂಲು ಹುಣ್ಣಿಮೆಗೆ ಬಡಾಕೇರಿಯ ದೋಣಿ ಹತ್ತಿ, ಅಳಿವೆ ದಾಟಿ ಒಂದು ಕೊಡ ತಂದು ಮಂಜಿಗೆ ಹೊಯ್ದಳು. ಅವಳ ನಂತರ ನಮ್ಮ ಕೇರಿಯ ಹೆಂಗಸರು ವರ್ಷಕ್ಕೊಬ್ಬರಂತೆ ಆ ಕೆಲಸ ಹಿಡಿದರು. ಮಂಜಿಯ ಮರ ಮಣ್ಣಾಯಿತು, ಗಾಳಿ ತಂದ ಮರಳು ಮೇಲೆ ಕೂತಿತು, ಆಕಾರ ಮಾತ್ರ ಉಳಿದು ದಿಬ್ಬವಾಯಿತು. ಒಳಹೊಳೆ ಗದ್ದೆಯಾಗಿ, ಗದ್ದೆ ಸಂತೆಯಾಗಿ, ಸಂತೆ ಬಸ್‌ಸ್ಟ್ಯಾಂಡಾಯಿತು. ಬೈದು ಇಟ್ಟ ಹೆಸರನ್ನು ಈಗ ಬೋರ್ಡಿನಲ್ಲಿ ಬರೆದಿದ್ದಾರೆ. ಕೊಡ ಮಾತ್ರ ನಿಂತಿಲ್ಲ. ಆ ದಿನ ದೋಣಿ ಹತ್ತುವವಳನ್ನು ಅವಳ ಹೆಸರಿನಿಂದ ಕರೆಯುವ ಹಾಗಿಲ್ಲ; ‘ಕೊಡ ಹತ್ತಿತಾ?’ ಎಂದು ದಡದವರು ಕೇಳುತ್ತಾರೆ, ‘ಹತ್ತಿತು’ ಎಂದು ದೋಣಿಯವರು ಹೇಳುತ್ತಾರೆ. ನಮ್ಮ ಅಮ್ಮಮ್ಮ ಒಂದು ವರ್ಷ ಕೊಡವಾಗಿದ್ದಳು. ಕಳೆದ ವರ್ಷ ಕೊಡವಾದದ್ದು ಸಾಕು ಎಂಬ ಹೆಸರಿನ ನನ್ನ ಅಕ್ಕ. ದೋಣಿಯ ಚುಕ್ಕಾಣಿ ಹಿಡಿದವನು ನಾನು, ಒಂದು ತೊಟ್ಟು ತುಳುಕದಂತೆ ತಂದವನೂ ನಾನೇ, ಅಕ್ಕ ಏನು ಬೇಕಾದರೂ ಹೇಳಲಿ. ಹೋಟೆಲಿನವರು ಬನ್ಸ್ ಕರಿಯುವುದು ನಿಲ್ಲಿಸಿ ಹೊರಗೆ ಬರುತ್ತಾರೆ, ಬಸ್ಸಿನವರು ಇಂಜಿನು ಬಂದ್ ಮಾಡುತ್ತಾರೆ. ಅಷ್ಟು ಗದ್ದಲದ ಜಾಗ ನೀರು ಹೊಯ್ಯುವಷ್ಟು ಹೊತ್ತು ಸುಮ್ಮನಾಗುತ್ತದೆ. ಮಣ್ಣಿನೊಳಗಿಂದ ಏನಾದರೂ ಸದ್ದು ಬಂದೀತೇ ಎಂದು ಎಲ್ಲರೂ ಕಿವಿ ಕೊಡುತ್ತಾರೆ. ನಾನೂ ಕೊಟ್ಟಿದ್ದೇನೆ. ಕೇಳಿಸಿತೋ ಇಲ್ಲವೋ ಎಂದು ಹೇಳುವುದಿಲ್ಲ. ಬಂದು ನೀವೇ ನಿಂತು ಕೇಳಿ.

ದಿಬ್ಬದ ಪಡುವಣ ತುದಿಯಲ್ಲಿ, ಮೂತಿ ಇದ್ದ ಕಡೆ, ಬಂಗಡೆ ಬಳ್ಳಿ ಎಲ್ಲಕ್ಕಿಂತ ದಟ್ಟವಾಗಿದೆ. ಅಲ್ಲಿ ನಿಂತರೆ ಸಮುದ್ರ ಕಾಣುವುದಿಲ್ಲ, ನಡುವೆ ಕಟ್ಟಡಗಳಿವೆ. ಈ ಊರಿನಿಂದ ಸಮುದ್ರಕ್ಕೆ ಹೋದ ಮಂಜಿಗಳಲ್ಲಿ ಒಳ್ಳೆಯವನ್ನೆಲ್ಲ ಕಟ್ಟಿದವನು ಹೆರಿಯಾಚಾರಿ. ಅವನಿಗೆ ಕೊನೆಗೆ ಸಿಕ್ಕಿದ್ದು ಒಂದು ಕೊಡ ಉಪ್ಪುನೀರು.